ಬಾರದ ರಿಪೋರ್ಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮುರಿಗೆಪ್ಪಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಕಲ್ಲಿನಾಥ ಪೇಟೆಯಲ್ಲಿ ದೊಡ್ಡ ಲ್ಯಾಬ್ ನಡೆಸುತ್ತಿದ್ದ. ಸುತ್ತಲಿನ ಆಸ್ಪತ್ರೆಗಳಿಂದ ರಕ್ತ, ಮೈಯ ಗಂಟಿನಿಂದ ಕತ್ತರಿಸಿದ ತುಣುಕು ಎಲ್ಲವೂ ಪರೀಕ್ಷೆಗೆ ಅಲ್ಲಿಗೇ ಬರುತ್ತಿದ್ದವು.

ಒಂದು ಸೋಮವಾರ ಅವನು ದಪ್ಪನೆಯ ಫೈಲೊಂದನ್ನು ತಂದು ಗುರುಗಳ ಮುಂದಿಟ್ಟ.

"ಏನಪಾ ಇದು?"

"ಕಂಪ್ಯೂಟರ್ ಕೆಟ್ಟು ನಿಂತರ ಏನೇನು ಮಾಡಬೇಕು ಅಂತ ಬರಸೀನ್ರಿ ಅಜ್ಜಾರ. ಬೆಂಕಿ, ನೀರು, ಕಳವು, ಎಲ್ಲಾದಕ್ಕೂ ಇದರಾಗ ಉಪಾಯ ಐತಿ. ದಿನಾ ಸಂಜಿಗೆ ಎಲ್ಲಾ ಮಾಹಿತಿದೂ ಒಂದು ನಕಲು ಬ್ಯಾರೆ ಕಡೆ ಹೋಗಿ ಕೂಡತೈತಿ."

"ಆ ನಕಲು ಒಮ್ಮೆ ತಗದು ನೋಡೀಯೇನು?"

"ನೋಡೂದೇನೈತ್ರಿ? ತಾನ ಆಗತೈತಿ."

"ಹಂಗಾದರ ನಾಳೆ ಒಂದು ದಿನ ಕಂಪ್ಯೂಟರ್ ಬಂದ್ ಮಾಡು. ಇದರಾಗ ಬರದಂಗ ನಡಸಿ ನೋಡು."

ಕಲ್ಲಿನಾಥ ನಕ್ಕ. "ಮಂದಿ ಸಾಲುಗಟ್ಟಿ ನಿಂತಿರತಾರ್ರಿ. ಸುಮ್ಮಸುಮ್ಮನ ಬಂದ್ ಮಾಡಿದರ ಬ್ಯಾರೆ ಲ್ಯಾಬಿಗೆ ಹೋಗತಾರ."

"ನಿನ್ನ ಕಡೆ ಯಾರೂ ಹಿಂಗ ಕೇಳಿಲ್ಲೇನು?"

"ಸುಮಿತ್ರಾಬಾಯಿ ಅಂತ ಒಬ್ಬಾಕಿ ಹಳೇ ಟೆಕ್ನಿಷಿಯನ್ ಇದ್ದಾಳ್ರಿ. ವಾರಕ್ಕೊಮ್ಮೆ ಇದ ಮಾತು ಹಚ್ಚತಾಳ. ಕಿರಿಕಿರಿ ಆಗಿ, ಆಕಿನ್ನ ರಕ್ತ ತಗಿಯೂ ಕೋಣಿಗೆ ಕಳಿಸೀನಿ. ನೀವು ಈ ಫೈಲಿಗೆ ವಿಭೂತಿ ಹಚ್ಚಿ ಆಶೀರ್ವಾದ ಮಾಡ್ರಿ."

ಗುರುಗಳು ಫೈಲನ್ನು ಮುಟ್ಟಲಿಲ್ಲ. ಎದ್ದು ಹೊಳೆಯ ಕಡೆ ಹೋದರು.

ಎರಡು ತಿಂಗಳ ಮೇಲೆ, ಲ್ಯಾಬಿಗೆ ರಜೆಯಿದ್ದ ಒಂದು ಭಾನುವಾರ, ಮೇಲಿನ ಮಹಡಿಯ ನೀರಿನ ಪೈಪು ಒಡೆಯಿತು. ಸೋಮವಾರ ಬಾಗಿಲು ತೆಗೆದಾಗ ಕಂಪ್ಯೂಟರ್ ಕೋಣೆಯ ಛಾವಣಿ ಸೋರಿ, ಯಂತ್ರಗಳೆಲ್ಲ ತೊಯ್ದು ಸತ್ತಿದ್ದವು.

ಫೈಲು ತೆರೆದರು. ಮೊದಲು ಯಾರಿಗೆ ಫೋನ್ ಮಾಡಬೇಕೆಂದು ಬರೆದಿತ್ತೋ ಅವನು ಕೆಲಸ ಬಿಟ್ಟು ಹೋಗಿದ್ದ.

ನಕಲು ತೆರೆದರು. ಅದು ಹನ್ನೊಂದು ತಿಂಗಳ ಹಿಂದೆಯೇ ನಿಂತಿತ್ತು. ದಿನಾ ಸಂಜೆ ಪರದೆಯ ಮೇಲೆ ಎಚ್ಚರಿಕೆ ಬರುತ್ತಿತ್ತು. ಮನೆಗೆ ಹೊರಡುವ ಅವಸರದಲ್ಲಿ ಯಾರೋ ಒಬ್ಬರು ಗುಂಡಿ ಒತ್ತಿ ಅದನ್ನು ಅಳಿಸುತ್ತಿದ್ದರು.

ತುಣುಕುಗಳ ಡಬ್ಬಿಗಳ ಮೇಲೆ ಬರೀ ನಂಬರ್ ಇತ್ತು. ಯಾವ ನಂಬರ್ ಯಾರದು ಎಂಬುದು ಕಂಪ್ಯೂಟರಿಗಷ್ಟೇ ಗೊತ್ತಿತ್ತು.

ಸುಮಿತ್ರಾಬಾಯಿ ಓಡಿಬಂದಳು. "ಸಾಹೇಬರ, ಇವತ್ತ ಆಸ್ಪತ್ರಿಯವರಿಗೆಲ್ಲಾ ಹೇಳಿಬಿಡೋಣ್ರಿ. ಮಂದಿನ್ನ ಕರಸಿ ಮತ್ತೊಮ್ಮೆ ತುಣುಕು ತಗೀತಾರ."

"ಕಳೀತು ಅಂದರ ನಾಳೆ ನಮ್ಮ ಬಾಗಲಿಗೆ ಯಾರು ಬರತಾರ? ತಡ ಆಗೈತಿ ಅನ್ರಿ, ಸಾಕು," ಎಂದ ಕಲ್ಲಿನಾಥ.

ಕೇಳಲು ಬಂದವರಿಗೆ ಲ್ಯಾಬಿನವರೆಲ್ಲರೂ ಹಾಗೇ ಅಂದರು.

ಕಾದು ಬೇಸತ್ತ ಕೆಲವರು ಬೇರೆ ಲ್ಯಾಬಿಗೆ ಹೋಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಅವರ ಜೀವ ಉಳಿಯಿತು.

ದುರಗವ್ವ ಎಂಬಾಕೆ ಹಳ್ಳಿಯಿಂದ ಮೂರು ಸಲ ಬಂದಳು. ಅವಳ ಎದೆಯ ಗಂಟಿನ ತುಣುಕು ಪರೀಕ್ಷೆಗೆ ಬಂದಿತ್ತು. ಎರಡು ಸಲ "ಮುಂದಿನ ವಾರ ಬಾ" ಎಂದರು. ಮೂರನೆಯ ಸಲ ಕೌಂಟರಿನವನು, "ಏನರ ಇದ್ದಿದ್ದರ ಡಾಕ್ಟರೇ ಫೋನ್ ಮಾಡತಿದ್ದರು ಬಿಡವಾ," ಎಂದ.

ಒಳ್ಳೆಯ ಸುದ್ದಿಯೆಂದು ತಿಳಿದು ಆಕೆ ದೇವರಿಗೆ ಕಾಯಿ ಒಡೆಸಿ ಮನೆಗೆ ಹೋದಳು.

ಆ ಗಂಟು ಕ್ಯಾನ್ಸರಾಗಿತ್ತು; ಐದು ತಿಂಗಳಲ್ಲಿ ಮೈತುಂಬ ಹರಡಿತು. ಡಾಕ್ಟರು ವಿಚಾರಿಸಿದಾಗ ಲ್ಯಾಬಿನ ಸುಳ್ಳು ಹೊರಬಿತ್ತು; ಸುದ್ದಿ ಆಶ್ರಮಕ್ಕೂ ಮುಟ್ಟಿತು.

ಕಲ್ಲಿನಾಥ ಆಶ್ರಮಕ್ಕೆ ಬಂದ. "ಅಜ್ಜಾರ, ಕೂಳು ಸೇರವಲ್ದು. ಈಗ ತಿಂಗಳಿಗೊಮ್ಮೆ ಎಲ್ಲಾ ಬಂದ್ ಮಾಡಿ ನಡಸಿ ನೋಡತೀವ್ರಿ. ಅದಕ್ಕ ಸುಮಿತ್ರಾಬಾಯಿನ್ನ ಹಿರೇಕಿ ಮಾಡೀನಿ. ಆದರೂ ಮನಸ್ಸಿಗೆ ಸಮಾಧಾನ ಇಲ್ರಿ."

"ದುರಗವ್ವನ ಮನಿಗೆ ಹೋಗಿದ್ದೇನು?"

"ವಕೀಲರು ಬ್ಯಾಡ ಅಂದಾರ್ರಿ."

ಗುರುಗಳು ಹೆಗಲಿಗೆ ವಸ್ತ್ರ ಹಾಕಿಕೊಂಡು ಹೊರಟೇಬಿಟ್ಟರು. ಶಿಷ್ಯ ತಲೆ ತಗ್ಗಿಸಿ ಹಿಂದೆ ನಡೆದ.

ದುರಗವ್ವ ಗೋಡೆಗೊರಗಿ ಕೂತಿದ್ದಳು. ಒಲೆಯ ಮುಂದೆ ಅವಳ ಗಂಡ ರೊಟ್ಟಿ ಬಡಿಯುತ್ತಿದ್ದ. ಎತ್ತುವಾಗ ರೊಟ್ಟಿ ಹರಿಯಿತು. ಅವನು ಹೆಂಡತಿಯ ಮುಖ ನೋಡಿದ.

"ಹರದರ ಹರೀಲಿ, ಮತ್ತೊಂದು ಬಡಿ," ಎಂದಳು ಆಕೆ. "ನಾ ಇರೂದರಾಗ ಕಲಿ, ತಪ್ಪಿದರ ತಿದ್ದತೀನಿ."

ಕಲ್ಲಿನಾಥ ಅವಳ ಕಾಲಿಗೆ ಬಿದ್ದ. "ಯವ್ವಾ, ಆ ಲ್ಯಾಬ್ ನಂದು. ನಿಮ್ಮ ತುಣುಕಿನ ಗುರುತು ಕಳೀತು. ತಡ ಆಗೈತಿ ಅಂತ ಸುಳ್ಳು ಹೇಳ್ರಿ ಅಂದಾವ ನಾನ."

ಗಂಡನ ಕೈ ಹಿಟ್ಟಿನಲ್ಲೇ ನಿಂತಿತು.

"ಅವತ್ತ ಖರೇ ಹೇಳಿದ್ದರ, ಅವತ್ತ ಮತ್ತೊಮ್ಮೆ ಕೊಡತಿದ್ದೆನಲ್ಲೋ ಯಪ್ಪಾ," ಎಂದಳು ದುರಗವ್ವ. ಆಮೇಲೆ, "ಹೋಗಲಿ, ಏಳು. ಬಿಸಲಾಗ ಬಂದೀರಿ, ನೀರು ಕುಡೀರಿ."

ತಿರುಗಿ ಬರುವ ದಾರಿಯಲ್ಲಿ ಕಲ್ಲಿನಾಥನ ಕಣ್ಣು ತುಂಬಿದ್ದವು. "ಒಂದು ಬಿರುಸು ಮಾತೂ ಆಡಲಿಲ್ರಿ ಅಜ್ಜಾರ. ನನ್ನ ಕ್ಷಮಿಸಿಬಿಟ್ಟಳು."

ಗುರುಗಳು ನಡೆಯುತ್ತಲೇ ಹೇಳಿದರು: "ಸಿಟ್ಟು ಮಾಡಾಕ ಆಕಿಗೆ ದಿನ ಉಳದಿಲ್ಲಪಾ. ನಿನಗ ಭಾಳ ಉಳದಾವು."