ಉತ್ತರ ಕೊಡುತ್ತಿದ್ದ ಅಕ್ಕ

"ಗುರುಗಳೇ, ಸೇವೆ ಮಾಡಲು ಬಂದವರನ್ನೂ ಅನುಮಾನದಿಂದ ನೋಡಬೇಕೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಅವನ ಉಸ್ತುವಾರಿಯಲ್ಲಿ ಬೇರೆ ಬೇರೆ ಊರುಗಳ ಸ್ವಯಂಸೇವಕರಿದ್ದರು. ಮನಸ್ಸು ಕುಗ್ಗಿದವರು ಮಠಕ್ಕೆ ಮೆಸೇಜು ಕಳಿಸಿದರೆ, ಇವರು ತಮ್ಮ ತಮ್ಮ ಮನೆಯಲ್ಲೇ ಕೂತು ಫೋನಿನಲ್ಲಿ ಸಮಾಧಾನ ಬರೆಯುತ್ತಿದ್ದರು. ಒಬ್ಬರ ಮುಖವನ್ನೂ ಚೆನ್ನವೀರ ಕಂಡಿರಲಿಲ್ಲ. ಆಗಾಗ ಪ್ರತಿಯೊಬ್ಬರ ಜೊತೆ ಮಾತಾಡು, ಏನು ನಡೆಯುತ್ತಿದೆ ವಿಚಾರಿಸು ಎಂದು ಮಠದವರು ಹೇಳಿದ್ದು ಅವನಿಗೆ ಹಿಡಿಸಿರಲಿಲ್ಲ.

ಗುರುಗಳು ನಕ್ಕರು. "ಅನುಮಾನ ಎನ್ನುವುದು ದೊಡ್ಡ ಮಾತಾಯಿತು. ಮೊದಲು ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನದು ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರಿಗೆ ಒಂದು ಸೋಮಾರಿತನ ಇರುತ್ತದೆ, ಅದೂ ಅವನಿಗಿತ್ತು. ದುಃಖದಲ್ಲಿರುವವರಿಗೆ ನಾಲ್ಕು ಮಾತು ಹೇಳುವವರು ಬೇಕೆಂದು ಅವನು ಊರೂರಿನ ಹೆಂಗಸರನ್ನು ಸೇರಿಸಿದ. ಒಬ್ಬೊಬ್ಬರಿಗೂ ಒಂದೊಂದು ಫೋನು ಕಳಿಸಿದ. ಎಲ್ಲರಿಗೂ ಒಂದೇ ಹೆಸರು, ಅಕ್ಕ. ಎಷ್ಟು ಜನರಿಗೆ ಉತ್ತರ ಹೋಯಿತು ಎಂಬುದು ಅವನಿಗೆ ತಿಳಿಯುತ್ತಿತ್ತು. ಏನೆಂದು ಹೋಯಿತು ಎಂಬುದನ್ನು ಅವನು ಓದುತ್ತಿರಲಿಲ್ಲ.

ಸಂಜೆಯಾದರೆ ಮಾತ್ರ ಎಲ್ಲರಿಗೂ ತಪ್ಪದೆ "ಊಟ ಆಯ್ತಾ?" ಎಂದು ಕಳಿಸುತ್ತಿದ್ದ. "ಆಯ್ತು ಅಣ್ಣಾ, ನಿಮ್ದು?" ಎಂದು ಎಲ್ಲರಿಂದಲೂ ಉತ್ತರ ಬರುತ್ತಿತ್ತು. ಆ ಪ್ರಶ್ನೆಗೆ ನಮ್ಮಲ್ಲಿ ಯಾರು ಬೇರೆ ಉತ್ತರ ಕೊಡುತ್ತಾರೆ? ಹಸಿದವನೂ ಆಯ್ತು ಎಂದೇ ಹೇಳುತ್ತಾನೆ. ವರ್ತಕ ಮಾತ್ರ ಎಲ್ಲರ ಯೋಗಕ್ಷೇಮ ನೋಡಿಕೊಂಡೆ ಎಂದು ನೆಮ್ಮದಿಯಿಂದ ಮಲಗುತ್ತಿದ್ದ.

ಆ ಅಕ್ಕಂದಿರಲ್ಲಿ ಒಬ್ಬಳು ಬಟ್ಟೆ ಹೊಲಿದು ಬದುಕುವವಳು, ಒಂಟಿ ಹೆಂಗಸು. ಅವಳಷ್ಟು ತಾಳ್ಮೆ ಇನ್ನೊಬ್ಬರಿಗೆ ಇರಲಿಲ್ಲ. ಒಬ್ಬ ದುಃಖಿ ಅವಳೊಬ್ಬಳಿಗೇ ಬರೆಯತೊಡಗಿದ. ಬೇರೆಯವರು ಉತ್ತರ ಕೊಟ್ಟರೆ ಬೇಡ ಎನ್ನುತ್ತಿದ್ದ. "ನಿಮ್ಮ ಕಿಟಕಿಯಿಂದ ಏನು ಕಾಣ್ತದೆ ಹೇಳಿ ಅಕ್ಕಾ, ಮನಸ್ಸಿಗೆ ಹಗುರ ಆಗ್ತದೆ" ಎಂದು ಒಂದು ದಿನ ಕೇಳಿದ. ನೀರಿನ ಟ್ಯಾಂಕು, ಅದರ ಪಕ್ಕ ಹಿಟ್ಟಿನ ಗಿರಣಿ, ಗಿರಣಿಯ ಬಾಗಿಲಲ್ಲಿ ಮಲಗುವ ಕುಂಟು ನಾಯಿ ಎಂದು ಅವಳು ಬರೆದಳು. ಪಾಪ ಎನಿಸಿ ಬರೆದಳು.

ಕೆಲವು ದಿನಗಳ ಮೇಲೆ ಅವಳು ವರ್ತಕನಿಗೆ ಹೀಗೆ ಬರೆದಳು. "ಅಣ್ಣಾ, ನಾನು ಕಿಟಕಿ ಪರದೆ ಬದಲಾಯಿಸಿದ್ದು ಅವನಿಗೆ ಗೊತ್ತಾಗಿದೆ. ಹಳೇ ಬಣ್ಣಾನೇ ಚೆನ್ನಾಗಿತ್ತು ಅಂತಾನೆ. ನನಗೆ ಹೆದರಿಕೆ ಆಗ್ತಾ ಇದೆ."

ವರ್ತಕ ಬರೆದ. "ನೊಂದವರು ಏನೇನೋ ಅಂತಾರಮ್ಮ, ಸ್ವಲ್ಪ ಸಹಿಸ್ಕೋ. ಊಟ ಆಯ್ತಾ?"

ಆ ಸಂಜೆ ಉತ್ತರ ಬರಲಿಲ್ಲ. ಮರುದಿನ ಬಂತು. "ಆಯ್ತು ಅಣ್ಣಾ, ನಿಮ್ದು?"

ಅಲ್ಲಿಂದ ಮುಂದೆ ಅವಳು ದೂರು ಹೇಳಲೇ ಇಲ್ಲ. ಅವಳ ಸೇವೆ ಇಮ್ಮಡಿಯಾಯಿತು. ಯಾವ ಹೊತ್ತಿನಲ್ಲಿ ಯಾರು ಬರೆದರೂ ಮೊದಲು ಅವಳ ಉತ್ತರ ಹೋಗುತ್ತಿತ್ತು. ವರ್ತಕ ಹಿರಿಹಿರಿ ಹಿಗ್ಗಿದ. ಇಂಥವಳಿಗೆ ಸನ್ಮಾನ ಮಾಡಬೇಕೆಂದು ಶಾಲು, ಹಣ್ಣು ಕಟ್ಟಿಸಿಕೊಂಡು, ಮುಂಚೆ ತಿಳಿಸದೆ ಅವಳ ಊರಿಗೆ ಹೊರಟ.

ಮಟಮಟ ಮಧ್ಯಾಹ್ನ ಅವಳ ಮನೆ ಮುಟ್ಟಿದ. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಮೇಲೆ ಧೂಳು. ಹೊಸ್ತಿಲಲ್ಲಿ ಹಳೆಯ ರಂಗೋಲಿಯ ಗುರುತೂ ಇರಲಿಲ್ಲ.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು. "ಅವಳಾ? ತಂಗಿ ಊರಿಗೆ ಹೋಗಿ ತಿಂಗಳ ಮೇಲಾಯ್ತಲ್ಲ ಯಜಮಾನ್ರೇ. ಯಾರೋ ಗಂಡಸು ಕಿಟಕಿ ಹತ್ರ ಬಂದು ನಿಲ್ತಿದ್ದ. ಫೋನು ಜೊತೇಲಿದ್ರೆ ಹಿಂದೇನೇ ಬರ್ತಾನೆ ಅಂತ ಅದನ್ನ ಹೊಲಿಗೆ ಮಿಷನ್ ಮೇಲೇ ಬಿಟ್ಟು ಓಡಿದ್ಲು. ದೊಡ್ಡೋರು ಒಬ್ರಿಗೆ ಹೇಳಿದ್ಲಂತೆ, ಸಹಿಸ್ಕೋ ಅಂದ್ರಂತೆ. ಅದನ್ನೇ ಹೇಳ್ಕೊಂಡು ಅಳ್ತಿದ್ಲು."

ವರ್ತಕನಿಗೆ ನಿನ್ನೆ ಸಂಜೆಯೂ ಅವಳ ಉತ್ತರ ಬಂದಿತ್ತು. ಅವನು ಫೋನು ತೆಗೆದು ಅವಳಿಗೆ ಬರೆದ. "ಎಲ್ಲಿದ್ದೀಯಮ್ಮಾ?"

ಬೀಗ ಹಾಕಿದ ಮನೆಯೊಳಗೆ ಒಂದು ಫೋನು ಸಣ್ಣಗೆ ಸದ್ದು ಮಾಡಿತು.

ಪಕ್ಕದ ಮನೆಯವಳು ಅವನ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ಅವನ ಕೈಯಲ್ಲಿದ್ದ ಫೋನು ಬೆಳಗಿತು. "ಮನೇಲೇ ಇದ್ದೀನಿ ಅಣ್ಣಾ. ಊಟ ಆಯ್ತಾ?"

ಪಕ್ಕದ ಮನೆಯವಳು ಕೂಗಿದ್ದು ಕೇಳಿ ಓಣಿಯವರು ಸೇರಿದರು. ಬೀಗ ಒಡೆದರು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಕಿಟಕಿಯ ಸರಳುಗಳನ್ನು ಬಹಳ ಹಿಂದೆಯೇ ಕಿತ್ತು ನೆಟ್ಟಗೆ ಗೋಡೆಗೆ ಒರಗಿಸಿಟ್ಟಿದ್ದರು. ಮುಂದಿನ ಕಿಟಕಿಗೆ ಹಳೆಯ ಪರದೆಯನ್ನೇ ತಿರುಗಿ ಕಟ್ಟಿದ್ದರು. ಫೋನು ಹೊಲಿಗೆ ಮಿಷನ್ ಮೇಲಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ಪೊಲೀಸರಿಗೆ ತಿಳಿಸಿ, ಅವರು ಬರುವ ತನಕ ವರ್ತಕ ಅಲ್ಲೇ ನೆಲದಲ್ಲಿ ಕೂತು ಮೊದಲ ಬಾರಿಗೆ ಆ ಉತ್ತರಗಳನ್ನು ಓದಿದ. ಎಲ್ಲವೂ ಮೆದುವಾದ ಮಾತುಗಳು. ಗದರಿಕೆಯಿಲ್ಲ, ಬೇಸರವಿಲ್ಲ. ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿದ್ದವು. "ನಿಮ್ಮ ಮನೆ ಎಲ್ಲಿ ಬರುತ್ತೆ?" ಬಹಳ ಜನ ಹೇಳಿದ್ದರು. ಅಕ್ಕ ಕೇಳಿದರೆ ಯಾರು ಹೇಳುವುದಿಲ್ಲ?

ಹಾಗೆ ಹೇಳಿದ್ದ ಒಬ್ಬೊಬ್ಬರಿಗೂ ಅವನು ಫೋನು ಮಾಡಿ ಬಾಗಿಲು ಹಾಕಿಕೊಳ್ಳಿ ಎಂದು ಬೇಡಿಕೊಂಡ. ಅದೇ ಊರಿನ ಒಬ್ಬ ಹುಡುಗಿ ನಗುತ್ತ ಹೇಳಿದಳು. "ಅಕ್ಕ ಕಳಿಸಿದ್ರು ಅಂತ ಅವರ ತಮ್ಮ ಬಂದಿದಾರಲ್ಲ ಸರ್. ಇಲ್ಲೇ ಕೂತಿದಾರೆ, ಕೊಡ್ಲಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನವೀರ ಕೇಳಿದ. "ಹಾಗಾದರೆ ಆ ವರ್ತಕ ಮೊದಲೇ ಅವಳ ಮೇಲೆ ಅನುಮಾನಪಟ್ಟು ವಿಚಾರಿಸಬೇಕಿತ್ತು, ಅಲ್ಲವೇ ಗುರುಗಳೇ?"

ಗುರುಗಳು ಹೇಳಿದರು. "ಹೆದರಿಕೆ ಆಗುತ್ತಿದೆ ಎಂದು ಅವಳು ಬರೆದಾಗ ಅವಳನ್ನು ನಂಬಿದ್ದರೆ ಸಾಕಿತ್ತು."