ವಾಲ್ವ್ ಪೆಟ್ಟಿಗೆಯ ನಾದ

"ಗುರುಗಳೇ, ಅಸಲಿ ಗುರುವನ್ನು ಗುರುತಿಸುವುದು ಹೇಗೆ?" ಎಂದು ಮುರಿಗೆಪ್ಪ ಕೇಳಿದ.

ಅವನು ಏಳು ಮಠ ಸುತ್ತಿ ಬಂದವನು. ಇಲ್ಲಿಗೆ ಬಂದ ಮೇಲೆ ಮನಸ್ಸಿಗೆ ನೆಮ್ಮದಿ ಸಿಕ್ಕಿತ್ತು, ನಿಜ. ಆದರೆ ಈ ಗುರುವಿಗೆ ಗುರು ಯಾರು, ಪರಂಪರೆ ಯಾವುದು, ಯಾರಿಗೂ ಗೊತ್ತಿರಲಿಲ್ಲ. ಇರುವುದೋ ಹೊರಡುವುದೋ, ಅವನಿಗೆ ಇಂದೇ ತೀರ್ಮಾನವಾಗಬೇಕಿತ್ತು.

ಗುರುಗಳು ನಕ್ಕರು. "ಕೂತುಕೋ ಮಾರಾಯ. ಹೋಗುವುದಾದರೂ ಒಂದು ಕತೆ ಕೇಳಿಕೊಂಡು ಹೋಗು."

ಒಬ್ಬ ವ್ಯಾಪಾರಿ ಇದ್ದ. ಹರೆಯದಲ್ಲಿ ಒಂದು ಮದುವೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಕೇಳಿದ. ಅದರ ದನಿ ಬರುತ್ತಿದ್ದುದು ವಾಲ್ವ್ ಆಂಪ್ಲಿಫೈಯರಿನಿಂದ. ಒಳಗಿನ, ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳು ಬಿಸಿಯಾದ ಮೇಲೆಯೇ ಆ ಪೆಟ್ಟಿಗೆ ಬಾಯಿ ಬಿಡುತ್ತಿತ್ತು. ಆ ನಾದಕ್ಕೆ ಅವನ ಮೈ ಜುಮ್ಮೆಂದಿತು. ಅದು ತನ್ನ ಮನೆಯಲ್ಲಿರಬೇಕು ಎಂದು ಅಂದೇ ಹಟ ಹಿಡಿದ.

ಹುಚ್ಚು ಎಂದರೆ ಅದು! ಮೂವತ್ತು ವರ್ಷದಲ್ಲಿ ಹನ್ನೆರಡು ಹಳೆಯ ಪೆಟ್ಟಿಗೆ ತಂದ. ಕೊಳ್ಳುವ ಮೊದಲು ಹಿಂಬದಿಯ ಹಲಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡುವನು. ಒಂದೇ ಒಂದು ಹೊಸ ಬೆಸುಗೆ ಕಂಡರೂ "ಇದು ಅಸಲಿ ಅಲ್ಲ" ಎಂದು ಎದ್ದು ಬರುವನು. ಸಂಗ್ರಹಕಾರರ ಪದ್ಧತಿಯೇ ಹಾಗೆ. ಹನ್ನೆರಡೂ ಅಪ್ಪಟ ಅಸಲಿ. ಕೆಲವು ಬರೀ ಗುಂಯ್‌ಗುಡುತ್ತಿದ್ದವು, ಕೆಲವು ಉಸಿರೇ ಎತ್ತುತ್ತಿರಲಿಲ್ಲ. ಆ ನಾದ ಮಾತ್ರ ಯಾವುದರಲ್ಲೂ ಇರಲಿಲ್ಲ.

ಒಂದು ದಿನ ಸುದ್ದಿ ಬಂತು. ಅಂದು ಗಿಟಾರ್ ನುಡಿಸಿದವನು ಇನ್ನೂ ಇದ್ದಾನೆ, ಅದೇ ಪೆಟ್ಟಿಗೆ ಇಟ್ಟುಕೊಂಡಿದ್ದಾನೆ! ವ್ಯಾಪಾರಿ ಎದ್ದೆನೋ ಬಿದ್ದೆನೋ ಎಂದು ಓಡಿದ. ಮುದುಕ ಸ್ವಿಚ್ ಹಾಕಿದ, ಬಿಸಿಯಾಗಲು ಬಿಟ್ಟ, ಆಮೇಲೆ ನುಡಿಸಿದ. ಅದೇ ನಾದ! ವ್ಯಾಪಾರಿ ಬಿಕ್ಕಿ ಬಿಕ್ಕಿ ಅತ್ತ. ಕೇಳಿದಷ್ಟು ಕೊಡುತ್ತೇನೆ ಎಂದ. ಮುದುಕನ ಬೆರಳು ಸೋತಿದ್ದವು, ಒಪ್ಪಿದ.

ಹುಟ್ಟುಗುಣ ಸುಟ್ಟರೂ ಹೋಗದು. ವ್ಯಾಪಾರಿ ಹಲಗೆ ಬಿಚ್ಚಿ ನೋಡಿದ. ವಾಲ್ವ್ ಹೊಸದು, ತಂತಿ ಹೊಸದು, ಸ್ಪೀಕರಿನ ಕಾಗದವೂ ಹೊಸದು.

"ಇದರಲ್ಲಿ ಅಂದಿನದು ಏನಿದೆ?" ಎಂದು ಕೇಳಿದ.

"ಮರದ ಪೆಟ್ಟಿಗೆ ಇದೆ ಯಜಮಾನರೇ. ಉಳಿದದ್ದನ್ನು ಕೆಟ್ಟಾಗಲೆಲ್ಲ ಬದಲಿಸಿದೆ. ನಾದ ಕೆಡಬಾರದಲ್ಲ!"

ವ್ಯಾಪಾರಿ ತಲೆ ಕೊಡವಿ ಬರಿಗೈಯಲ್ಲಿ ಹೊರಟ.

ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ಅಯ್ಯೋ! ಹಾಗಾದರೆ ಆ ನಾದ ಅವನಿಗೆ ಸಿಗಲೇ ಇಲ್ಲವೇ?"

ಗುರುಗಳು ಹೇಳಿದರು: "ಸಿಕ್ಕಿತ್ತಲ್ಲಪ್ಪ, ಹಲಗೆ ಬಿಚ್ಚುವ ತನಕ."

ಮುರಿಗೆಪ್ಪ ಹೊರಡಲು ಕಟ್ಟಿಟ್ಟಿದ್ದ ಗಂಟನ್ನು ಒಳಗೆ ಕೊಂಡೊಯ್ದಿಟ್ಟ.