ಹಿಂದಿನ ಸೀಟು

“ಮನಸ್ಸು ಮಾಸದ ಹಾಗೆ ಕಾಪಾಡಿಕೊಳ್ಳುವುದು ಹೇಗೆ, ಬುದ್ಧಿ?” ಎಂದು ನಿಜಗುಣ ಗುರುಗಳನ್ನು ಕೇಳಿದ.

ಅವನು ಮಠದ ಊಟದ ಮನೆಯಲ್ಲಿ ಬಡಿಸುವ ಶಿಷ್ಯ. ಉಪ್ಪು ಕಮ್ಮಿ ಎನ್ನುವವರು, ಪಂಕ್ತಿಯಲ್ಲೇ ಜಗಳ ತೆಗೆಯುವವರು, ಉಂಡು ಕೈತೊಳೆದ ಮೇಲೆ ಆಡಿಕೊಳ್ಳುವವರು, ಎಲ್ಲರ ಮಾತೂ ಅವನ ಮನಸ್ಸಿಗೆ ಅಂಟಿಕೊಂಡಿತ್ತು. “ಜನರ ಸಹವಾಸ ಸಾಕಾಗಿದೆ. ಬೆಟ್ಟದ ಗವಿಯಲ್ಲಿ ಒಬ್ಬನೇ ಇದ್ದುಬಿಡುತ್ತೇನೆ, ಅಪ್ಪಣೆಯಾಗಬೇಕು” ಎಂದ.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಗೆ ಅಪ್ಪನಿಂದ ಒಂದು ಹಳೆಯ ಕಾರು ಬಂದಿತ್ತು. ಅದರ ಸೀಟುಗಳು ಅಸಲಿ ತೊಗಲಿನವು, ಕಡುಗೆಂಪು ಬಣ್ಣದವು. ಕಾರು ತಂದ ದಿನವೇ ಅಪ್ಪ ಹಿಂದಿನ ಸೀಟಿಗೆ ದಪ್ಪ ಬಟ್ಟೆಯ ಗವುಸು ಹೊಲಿಸಿ ಹಾಕಿ, ಇದು ದೊಡ್ಡವರು ಬಂದಾಗ ಇರಲಿ ಎಂದಿದ್ದ. ಮನೆಯವರೆಲ್ಲ ಮುಂದಿನ ಉದ್ದ ಸೀಟಿನಲ್ಲೇ ಒತ್ತಿಕೊಂಡು ಕೂರಬೇಕು. ಮಕ್ಕಳು ಅಲ್ಲೇ ಕಡಲೆಕಾಯಿ ಸುಲಿದರು, ಅಲ್ಲೇ ಎಣ್ಣೆತಲೆ ಒರಗಿಸಿ ನಿದ್ದೆ ಹೋದರು. ದೊಡ್ಡವರೇನೋ ಆಗಾಗ ಬಂದರು. ಆದರೆ ತಮ್ಮ ತಮ್ಮ ಕಾರಿನಲ್ಲೇ ಬಂದರು.

ವ್ಯಾಪಾರಿಗೆ ಒಬ್ಬಳೇ ಅಕ್ಕ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬೇಕೆಂಬುದು ಚಿಕ್ಕಂದಿನಿಂದ ಅವಳ ಆಸೆ. ನಿನ್ನ ಮದುವೆಯ ದಿನ ಕೂರಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಮದುವೆಯ ದಿನ ನಾಲ್ಕು ಹನಿ ಮಳೆ ಬಿತ್ತು. ಒದ್ದೆ ಸೀರೆ ತಾಗಿ ಸೀಟು ಕಲೆಯಾದೀತೆಂದು ಅಪ್ಪ ಅವಳನ್ನು ಬಾಡಿಗೆ ಜೀಪಿನಲ್ಲಿ ಗಂಡನ ಮನೆಗೆ ಕಳಿಸಿದ. ತಮ್ಮ ಅದನ್ನು ಮರೆಯಲಿಲ್ಲ. ಮರೆಯದಿದ್ದರೂ, ಕಾರು ತನ್ನದಾದ ಮೇಲೆ ಅವನೂ ಗವುಸು ತೆಗೆಯಲಿಲ್ಲ. ಒಳ್ಳೆಯ ದಿನ ಬರಲಿ ಎಂದುಕೊಂಡ.

ಅಕ್ಕನಿಗೆ ವಯಸ್ಸಾಯಿತು, ಮೊಣಕಾಲು ಸೋತವು. ತವರಿಗೆ ಬರುವುದು ಇದೇ ಕೊನೆಯ ಸಲವೇನೋ ಎಂದು ಒಮ್ಮೆ ಹೇಳಿಕಳಿಸಿದಳು. ವ್ಯಾಪಾರಿ ಈ ಸಲ ಅವಳನ್ನು ಹಿಂದಿನ ಸೀಟಿನಲ್ಲೇ ಕೂರಿಸಿ ಕರೆತರಬೇಕೆಂದು ಹಟ ಹಿಡಿದ. ಅಂಗಡಿಗೆ ಬೀಗ ಹಾಕಿ ಮನೆಯಂಗಳದಲ್ಲಿ ಕೆಲಸಕ್ಕೆ ಕೂತ.

ಮುಂದಿನ ಸೀಟನ್ನು ನೋಡಿ ಅವನಿಗೇ ನಾಚಿಕೆಯಾಯಿತು. ಕೆಂಪು ಹೋಗಿ ಒಂದು ಕಡೆ ಬೂದಿ, ಇನ್ನೊಂದು ಕಡೆ ಮಸಿ. ಗವುಸು ತೆಗೆದರೆ ಹಿಂದಿನ ಸೀಟು ನಿನ್ನೆ ಮೊನ್ನೆ ತಂದ ಹಾಗೆ ಮಿರಮಿರ ಮಿಂಚಿತು. ಅಪ್ಪನೇ ಜಾಣ ಎಂದುಕೊಂಡ. ಬೆವರೆಲ್ಲ ಮುಂದಿನ ಸೀಟಿಗೇ ಸುರಿಸಿದ. ಸೋಪಿನ ನೀರಿನಲ್ಲಿ ವರ್ಷಗಳ ಜಿಡ್ಡು ತೆಗೆದ. ನಯವಾದ ಉಪ್ಪುಕಾಗದದಿಂದ ಉಳಿದ ಬಣ್ಣವನ್ನು ಉಜ್ಜಿದ. ಹಿಂದಿನ ಸೀಟನ್ನು ನೋಡಿ ನೋಡಿ ಅದೇ ಕೆಂಪನ್ನು ಬೆರೆಸಿದ. ಸ್ಪಂಜಿನಲ್ಲಿ ತೆಳ್ಳಗೆ ಒತ್ತುವುದು, ಆರಲು ಬಿಡುವುದು, ಮತ್ತೆ ಒತ್ತುವುದು. ತೊಗಲು ಮೆತ್ತಗಿತ್ತು, ಕೊಟ್ಟ ಬಣ್ಣವನ್ನೆಲ್ಲ ಹಿಡಿದುಕೊಂಡಿತು. ಹಿಂದಿನ ಸೀಟನ್ನು ಬಟ್ಟೆಯಲ್ಲಿ ಒಮ್ಮೆ ಒರೆಸಿದ, ಅಷ್ಟೆ.

ಅಕ್ಕ ರೈಲಿನಿಂದ ಇಳಿದಳು. ತಮ್ಮ ಹಿಂದಿನ ಬಾಗಿಲು ತೆರೆದು ನಿಂತ. ಅವಳಿಗೆ ಎಲ್ಲ ನೆನಪಾಯಿತು. ಸೆರಗು ಸರಿಮಾಡಿಕೊಂಡು, ಹುಡುಗಿಯ ಹಾಗೆ ನಗುತ್ತ ಕೂತಳು. ಹಪ್ಪಳ ಮುರಿದಂಥ ಸದ್ದಾಯಿತು. ಸೀಟು ಈ ಕೊನೆಯಿಂದ ಆ ಕೊನೆಯವರೆಗೆ ಬಿರಿದುಹೋಗಿತ್ತು.

ಅವಳು ಗಾಬರಿಯಿಂದ ಎದ್ದಳು. “ಅಯ್ಯೋ, ನಾನು ಕೂತು ಹಾಳುಮಾಡಿದೆನಲ್ಲೋ!”

ವ್ಯಾಪಾರಿ ಆ ತೊಗಲನ್ನು ಅಂಗೈಯಿಂದ ಒತ್ತಿ ನೋಡಿದ. ಒಣಗಿ ಹಲಗೆಯಷ್ಟು ಗಟ್ಟಿಯಾಗಿತ್ತು. ಅವನಿಗೆ ಅಳುವೇ ಬಂತು. “ನೀನಲ್ಲ ಅಕ್ಕ, ಯಾರನ್ನೂ ಕೂರಿಸದೆ ಇಟ್ಟ ನಾವು” ಎಂದ.

“ಹೋಗಲಿ ಬಿಡೋ. ದೊಡ್ಡವರೂ ಕೂರಲಿಲ್ಲ, ನಾವೂ ಕೂರಲಿಲ್ಲ. ಮುಂದೆ ಜಾಗ ಮಾಡು” ಎಂದು ಅವಳು ಮುಂದಿನ ಸೀಟಿಗೆ ಹೋಗಿ ತಲೆ ಒರಗಿಸಿದಳು. ಆ ಸೀಟು ಮೊದಲಿನ ಹಾಗೆಯೇ ತಗ್ಗಿ ಜಾಗ ಕೊಟ್ಟಿತು. ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ತಡೆಯಲಾರದೆ ಕೇಳಿದ, “ಆಮೇಲಾದರೂ ಹಿಂದಿನ ಸೀಟಿಗೆ ಎಣ್ಣೆ ಹಚ್ಚಿ ನೋಡಲಿಲ್ಲವೇ, ಬುದ್ಧಿ?”

“ಹಚ್ಚಿದ. ಬಟ್ಟಲುಗಟ್ಟಲೆ ಕುಡಿಯಿತು. ಮೆತ್ತಗಾಗಲಿಲ್ಲ.”

ಅಷ್ಟರಲ್ಲಿ ಊಟದ ಮನೆಯ ಗಂಟೆ ಹೊಡೆಯಿತು. ಹೊರಗೆ ಜನ ಗದ್ದಲ ಮಾಡುತ್ತ ಪಂಕ್ತಿಗೆ ಬರುತ್ತಿದ್ದರು. ನಿಜಗುಣ ಬಾಗಿಲ ಕಡೆ ನೋಡಿದ, ಗುರುಗಳ ಕಡೆ ನೋಡಿದ.

ಗುರುಗಳು ಹೇಳಿದರು, “ಮಾಸಿ ಬಂದರೆ ಬಣ್ಣ ಕೊಡಬಲ್ಲೆ, ನಿಜಗುಣ. ಒಣಗಿ ಬಂದರೆ ನನ್ನ ಹತ್ತಿರ ಮದ್ದಿಲ್ಲ.”